ತೇರ್ಸಿನ ಉತ್ತರದ ಅರ್ಧ

ಮೊನ್ನೆ ಸಂಜೆ ಫಳ್ನೀರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕರೆಂಟು ಹೋಯಿತು. ಜನರೇಟರ್ ಕೂಡ ಕೈಕೊಟ್ಟಿತ್ತು. ಕ್ಯಾಂಡಲ್ ಹಚ್ಚಿ ಕೂತೆ, ಲೈಟು ಬಂದ ಮೇಲೆ ಊದಿ ಆರಿಸಿದೆ. ಆರಿದ ಬತ್ತಿಯಿಂದ ಏಳುವ ಆ ಸುಟ್ಟ ನೂಲಿನ ವಾಸನೆ... ನನಗೆ ಅದು ಸಂಜೆಯ ಜಪಮಾಲೆ ಪ್ರಾರ್ಥನೆ, ತೇರ್ಸ್, ಮುಗಿದ ವಾಸನೆ. ಮಾವ್ಶಿಯ ಮನೆಯ ವಾಸನೆ.

ಮಾವ್ಶಿ ನನಗೆ ರಕ್ತಸಂಬಂಧಿಯಲ್ಲ. ಮಣ್ಣಗುಡ್ಡದಲ್ಲಿ ನಾನು ಮದುವೆಯಾಗಿ ಬಂದ ಮನೆಯ ಪಕ್ಕದವರು. ನಮ್ಮಲ್ಲಿ ಹಿರಿಯ ಹೆಂಗಸರನ್ನೆಲ್ಲ ಹಾಗೆಯೇ ಕರೆಯುವುದು. ಅವರ ಆಲ್ಟರ್ ಇದ್ದ ದೇವರ ಕೋಣೆಯ ಕಿಟಕಿಯೂ ನಮ್ಮ ಅಡುಗೆಮನೆಯ ಕಿಟಕಿಯೂ ಎದುರುಬದುರು, ನಡುವೆ ಒಂದು ಗಿಡ್ಡ ಕಾಂಪೌಂಡ್ ಗೋಡೆ. ಸಂಜೆ ಇಗರ್ಜಿಯ ಗಂಟೆಯಾದ ಮೇಲೆ ಗಂಡ ಹೆಂಡತಿ ಜಪಸರ ಹಿಡಿದು ತೇರ್ಸ್‌ಗೆ ಕೂರುತ್ತಿದ್ದರು. ಮಕ್ಕಳಿರಲಿಲ್ಲ. ಪ್ರತಿ ಜಪದ ಮೊದಲರ್ಧ ಮಾವ್ಶಿಯದು, ಉತ್ತರದ ಅರ್ಧ ಅಂಕಲ್‌ದು. ಬಂದರಿನ ಗೋದಾಮಿನಲ್ಲಿ ದಿನವಿಡೀ ನಿಂತು ಬಂದ ಅಂಕಲ್‌ಗೆ ಕೂತ ಕೂಡಲೇ ಕಣ್ಣು ಎಳೆಯುತ್ತಿತ್ತು.

"ಎಂತ, ನಿದ್ದೆಯಾ? ಮೇರಿ ಮಾತೆ ಕಾಯ್ತಾ ಇದ್ದಾಳೆ ಮಾರಾಯ್ರೆ."

"ನಿದ್ದೆ ಎಲ್ಲಿ? ಧ್ಯಾನ."

"ಧ್ಯಾನಕ್ಕೆ ಗೊರಕೆ ಉಂಟಾ?"

ನಾನು ಈಚೆ ಮೀನಿಗೆ ಮಸಾಲೆ ಹಚ್ಚುತ್ತಾ ನಗುತ್ತಿದ್ದೆ.

ಒಂದು ಬೆಳಿಗ್ಗೆ ಎದೆನೋವೆಂದು ಕುಳಿತ ಅಂಕಲ್ ಮತ್ತೆ ಏಳಲಿಲ್ಲ. ತಿಂಗಳ ಪೂಜೆಯ ತನಕ ನೆಂಟರಿದ್ದರು, ತೇರ್ಸ್ ಗುಂಪಿನಲ್ಲಿ ನಡೆಯಿತು. ಅವರೆಲ್ಲ ಹೋದ ಸಂಜೆ ಆ ಕಿಟಕಿಯಿಂದ "ನಮಾನ್ ಮರಿಯೆ" ಎಂದು ಕೊಂಕಣಿಯಲ್ಲಿ ಜಪ ಶುರು ಮಾಡುವ ಮಾವ್ಶಿಯ ಸ್ವರ ಕೇಳಿತು. ಅರ್ಧಕ್ಕೆ ಬಂದು ನಿಂತಿತು. ತುಂಬ ಹೊತ್ತು ಏನೂ ಇಲ್ಲ... ಮತ್ತೆ ಮೊದಲಿನಿಂದ, ಮತ್ತೆ ಅಲ್ಲಿಗೇ. ಕೆಲವು ಸಂಜೆ ಹೀಗಾಯಿತು. ಆಮೇಲೆ ಸ್ವರವೂ ಇಲ್ಲ, ಕ್ಯಾಂಡಲ್ ಮಾತ್ರ ಉರಿಯುತ್ತಿತ್ತು.

ಬಟ್ಟೆ ಒಣಗಿಸುವಾಗ ಗೋಡೆಯ ಬಳಿ ಕೇಳಿದೆ, "ಮಾವ್ಶಿ, ತೇರ್ಸ್ ಬಿಟ್ರಾ?"

"ಬಿಟ್ಟದ್ದಲ್ಲ ಬಾಯೆ, ಬರುದಿಲ್ಲ. ಅಮ್ಮನ ಮನೆಯಲ್ಲಿಯೂ ಮೊದಲರ್ಧ ಹೇಳುವವಳು ನಾನೇ. ಉತ್ತರ ಹೇಳಿ ಅಭ್ಯಾಸವೇ ಇಲ್ಲ. ಈಗ ಹೇಳ್ಲಿಕ್ಕೆ ಹೋದ್ರೆ, ಅದರಲ್ಲಿ ಮರಣದ ಗಳಿಗೆ ಅಂತ ಬರ್ತದಲ್ಲ, ಅಲ್ಲಿಂದ ಮುಂದೆ ಹೋಗ್ಲಿಕ್ಕೆ ಆಗುದಿಲ್ಲ." ಒದ್ದೆ ಸೀರೆಯನ್ನು ಹಿಂಡುತ್ತಲೇ ಇದ್ದರು, ಅದರಲ್ಲಿ ನೀರು ಉಳಿದಿರಲಿಲ್ಲ. "ಅರ್ಧ ಜಪ ದೇವರಿಗೆ ಮುಟ್ತದಾ? ಅವರೂ ಇಲ್ಲ, ದೇವರ ಹತ್ರವೂ ಮಾತಿಲ್ಲ ಅಂದ್ರೆ ಈ ಮನೆಯಲ್ಲಿ ನಾನು ಯಾರೊಟ್ಟಿಗೆ ಇರುದು, ಹೇಳು."

ನಾನು ಬೋರ್ಡಿಂಗಿನಲ್ಲಿ ಬೆಳೆದವಳು, ಸಿಸ್ಟರ್‌ಗಳು ಕಲಿಸಿದ ಪ್ರೇಯರ್ಸ್ ಎಲ್ಲ ಇಂಗ್ಲಿಷಿನವು. ಕೊಂಕಣಿಯಲ್ಲಿ ಜಗಳವಾಡಬಲ್ಲೆ, ಜಪ ಮಾಡಲಾರೆ. ಆದರೂ ಆ ಸಂಜೆ ಸ್ಟವ್ ಸಣ್ಣ ಮಾಡಿ ಕಿಟಕಿಯ ಹತ್ತಿರ ನಿಂತು, "ಶುರು ಮಾಡಿ ಮಾವ್ಶಿ" ಎಂದೆ. ಸ್ವಲ್ಪ ಹೊತ್ತಿನ ಮೇಲೆ ಆ ಸ್ವರ ಬಂತು. ಅರ್ಧಕ್ಕೆ ನಿಂತಿತು. "ಹೋಲಿ ಮೇರಿ, ಮದರ್ ಆಫ್ ಗಾಡ್" ಎಂದು ಹಿಡಿದು ಈಚೆಯಿಂದ ನಾನು ಮುಗಿಸಿದೆ.

ಆಚೆಯಿಂದ, "ಬಾಯೆ, ಮಾತೆಗೆ ಇಂಗ್ಲಿಷ್ ಬರ್ತದಾ?"

"ಬರ್ತದೆ. ಕಾನ್ವೆಂಟಿನಲ್ಲಿ ದಿನಾ ಕೇಳಿದ್ದಾಳಲ್ಲ."

"ಹಾಗಾದ್ರೆ ಜೋರಾಗಿ ಹೇಳು. ಎಂತ ಅದು ಸೊಳ್ಳೆಯ ಹಾಗೆ."

ಅಲ್ಲಿಂದ ವರ್ಷಗಟ್ಟಲೆ ಹಾಗೆಯೇ ನಡೆಯಿತು. ನಾನು ಕಾಯಿ ತುರಿಯುತ್ತಾ ಉತ್ತರ ಕೊಟ್ಟಿದ್ದೇನೆ, ಮಗಳಿಗೆ ಹೋಮ್‌ವರ್ಕ್ ಮಾಡಿಸುತ್ತಾ ಕೊಟ್ಟಿದ್ದೇನೆ. ಅವಳ ಜ್ವರ, ಮಾವ್ಶಿಯ ಬಿ.ಪಿ., ನನ್ನ ಗಂಡನ ಟ್ರಾನ್ಸ್‌ಫರ್, ಎಲ್ಲವೂ ಆ ಗೋಡೆಯ ಮೇಲಿಂದಲೇ ದೇವರಿಗೆ ಹೋದವು. "ನಿಮ್ಮದು ತೇರ್ಸ್ ಅಲ್ಲ, ಟ್ರಂಕ್ ಕಾಲ್" ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. "ಕೊಂಕಣಿಯಲ್ಲಿ ಬುಕ್ ಮಾಡಿ ಇಂಗ್ಲಿಷಿನಲ್ಲಿ ಮಾತಾಡುದು."

ಆಮೇಲೆ ಮಾವ್ಶಿಗೆ ಸ್ಟ್ರೋಕ್ ಆಯಿತು. ಆಸ್ಪತ್ರೆಯಲ್ಲಿ ಅವರ ಒಂದು ಕೈ ಸುಮ್ಮನೆ ಬಿದ್ದಿತ್ತು, ಮಾತು ತೊದಲುತ್ತಿತ್ತು. ಸಂಜೆಯಾದಾಗ ನನ್ನ ಮುಖ ನೋಡಿ "ನ... ನ..." ಎಂದು ಹೆಣಗಿದರು. ಮೊದಲರ್ಧ ಅವರದಲ್ಲವೇ, ಶುರು ಮಾಡಬೇಕಿತ್ತು. ಆಗಲಿಲ್ಲ. ಕಣ್ಣಿನ ಬದಿಯಿಂದ ನೀರು ಇಳಿಯಿತು.

ನಾನೇ ಶುರು ಮಾಡಿದೆ. ಕೊಂಕಣಿಯಲ್ಲಿ. ಯಾರೂ ಕಲಿಸಿರಲಿಲ್ಲ, ಅಷ್ಟು ಕಾಲ ಕೇಳಿ ಕೇಳಿ ಅದು ನಾಲಿಗೆಗೆ ಬಂದಿತ್ತು. ಅರ್ಧ ಹೇಳಿ ನಿಲ್ಲಿಸಿದೆ... ತುಟಿ ಅಲುಗಿತು. ಶಬ್ದಗಳು ಒಡೆದು ಬರುತ್ತಿದ್ದವು, ಆದರೆ ಆ ಏರಿಳಿತ ನನಗೆ ಗೊತ್ತಿತ್ತು. ಅಂಕಲ್‌ದೇ ಅರ್ಧ. ಮರಣದ ಗಳಿಗೆ ಎಂಬಲ್ಲಿ ಮಾವ್ಶಿ ನಿಲ್ಲಲಿಲ್ಲ. ಮೆಲ್ಲಗೆ ದಾಟಿದರು, ಆಮೆನ್ ತನಕ ಹೋದರು. ನನ್ನ ಬೆರಳನ್ನು ಒಮ್ಮೆ ಒತ್ತಿದರು.

ಆ ವಾರವೇ ಹೋದರು.

ಈಗ ನನ್ನವರೂ ಇಲ್ಲ, ಮಣ್ಣಗುಡ್ಡದ ಆ ಎರಡು ಮನೆಗಳೂ ಇಲ್ಲ. ಮಗಳು ಮೊಬೈಲಿನಲ್ಲಿ ತೇರ್ಸ್ ಹಾಕಿಕೊಟ್ಟಿದ್ದಾಳೆ. "ಆನ್ಸರ್ ಕೂಡ ಅದೇ ಹೇಳ್ತದೆ ಮಮ್ಮಿ, ನೀವು ಸುಮ್ಮನೆ ಕೂತ್ರೆ ಸಾಕು." ಹೌದು, ಹೇಳುತ್ತದೆ. ಆದರೆ ನನಗಾಗಿ ಕಾಯುವುದಿಲ್ಲ. ಅದನ್ನು ಆಫ್ ಮಾಡಿ ಎರಡೂ ಅರ್ಧ ನಾನೇ ಹೇಳುತ್ತೇನೆ, ಒಂದು ಕೊಂಕಣಿ, ಒಂದು ಇಂಗ್ಲಿಷ್. ದೇವರು ಕೇಳುತ್ತಾನೆ, ಅದರಲ್ಲಿ ನನಗೆ ಡೌಟ್ ಇಲ್ಲ. ಮೊದಲೆಲ್ಲ ಇನ್ನೊಬ್ಬರು ಹೇಳುವಷ್ಟು ಹೊತ್ತು ಉಸಿರು ತೆಗೆದುಕೊಳ್ಳಬಹುದಿತ್ತು. ಈಗ ಆ ಜಾಗವನ್ನೂ ನಾನೇ ತುಂಬಬೇಕು. ವಯಸ್ಸಾಯಿತು ನೋಡಿ, ಏದುಸಿರು ಬರುತ್ತದೆ... ನಡುವೆ ಸ್ವಲ್ಪ ನಿಂತು ಮುಂದಿನ ಮಣಿಗೆ ಹೋಗುತ್ತೇನೆ.