ಹಳೆಯ ಬ್ಯಾಂಡ್‌ಸಾ, ಹೊಸ ಬ್ಲೇಡು

ಮಿತ್ರರೇ, ಇಂದು ಬೆಳಿಗ್ಗೆ ನಮ್ಮ ಅಣ್ಣ ಟೆಂಪೋಗೆ ಅಡ್ಡ ನಿಂತರು. ಅದರಲ್ಲಿದ್ದುದು ಮನೆಯ ಪುಟ್ಟ ಮರಗೆಲಸದ ಕೋಣೆಗೆಂದು ನಾನು ತರಿಸಿದ, ಮರ ಕೊಯ್ಯುವ ಸಣ್ಣ ಬ್ಯಾಂಡ್‌ಸಾ ಯಂತ್ರ. ತೀರಿಹೋದ ನನ್ನ ಮಗ ತನ್ನ ತಾಯಿಗೆಂದು ಅರ್ಧ ಮಾಡಿಟ್ಟ ಕುರ್ಚಿಯ ಬಾಗುಗಾಲುಗಳನ್ನು ಅವನ ಮೊದಲ ಪುಣ್ಯತಿಥಿಯೊಳಗೆ ಕೊಯ್ದು ಮುಗಿಸಬೇಕೆಂಬುದು ನನ್ನ ಹಟ.

“ವರ್ಷ ತುಂಬೂತನಕ ಮನಿಗಿ ಹೊಸಾ ಸಾಮಾನ ಬರಂಗಿಲ್ಲ,” ಎಂದರು ಅಣ್ಣ.

“ಇದು ಹಳೇ ಮಷೀನ್ ಐತಿ ಅಣ್ಣಾ. ಮುಗಳಖೋಡದ ಬಡಿಗ್ಯಾರು ಹತ್ತು ವರ್ಷ ವಾಪರಿಸ್ಯಾರ.”

ಟೆಂಪೋ ಚಾಲಕ ನಕ್ಕ. ಅಣ್ಣ ನಗಲಿಲ್ಲ.

“ಬಾಯಿ ಭಾಳ ಮಾಡಬ್ಯಾಡ. ಬ್ಲೇಡ್ ಹೊಸಾದೋ, ಹಳೇದೋ?”

ಸುಳ್ಳಾಡುವ ಅಭ್ಯಾಸ ನನಗಿಲ್ಲ. “ಹೊಸಾದು,” ಎಂದೆ.

“ಇತ್ತ ಕೊಡು ಅದನ್ನ.”

“ಮೂಢನಂಬಿಕಿಗಿ ನಾ ತಲಿ ಬಾಗ್ಸಂಗಿಲ್ಲ!” ನನ್ನ ದನಿ ಇಡೀ ಓಣಿಗೆ ಕೇಳಿಸಿತು.

“ನಂಬಿಕಿ ಹಾಳಾಗಿ ಹೋಗ್ಲಿ. ಹುಡುಗನ್ನ ಮಣ್ಣ ಮಾಡಿ ಬಂದೀನಿ. ನಿನ್ನ ಕೈಗಿ ಏನರ ಆದ್ರ, ಇನ್ನೊಮ್ಮಿ ದವಾಖಾನಿ ಬಾಗಲಾ ಕಾಯೂ ಧೈರ್ಯ ನನಗಿಲ್ಲೋ,” ಎಂದವರೇ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು.

ಬ್ಲೇಡನ್ನು ಅವರ ಕೈಗಿತ್ತೆ. ವರ್ಷ ತುಂಬಿದ ಮರುದಿನ ಮರಳಿಸುವರಂತೆ. ಕುರ್ಚಿ ತಿಥಿಗೆ ಮುಗಿಯುವುದಿಲ್ಲ.

ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿ ಅಳುವಂತಿರಲಿಲ್ಲ. ನಾನು ಬಹುಮಾನದ ಢಾಲು ಗೆದ್ದದ್ದೆಲ್ಲ ಆ ನಿಯಮದ ಆಸರೆಯಿಂದಲೇ ಇರಬೇಕು.