ಹೆಗಲಿಗೆ ಕಟ್ಟಿದ ತಿದಿ

ಎದುರಿಗಿರುವವರ ಮಾತು ಮುಗಿಯುವ ಮೊದಲೇ ಟೇಪು ತೆಗೆದು ಅಳತೆ ಹಿಡಿಯುವುದು ನನ್ನ ಹಳೆಯ ಚಾಳಿ. ಯಶವಂತಪುರದ ವರ್ಕ್‌ಶಾಪಿನಲ್ಲಿ ಇಷ್ಟು ವರ್ಷ ಕಬ್ಬಿಣದ ಜೊತೆ ಏಗಿದವಳಿಗೆ ಮನುಷ್ಯರೂ ಮಿಲಿಮೀಟರಿನಲ್ಲೇ ಕಾಣುತ್ತಾರೆ. ಈಗ ರಜೆ ಸಿಕ್ಕಾಗಲೆಲ್ಲ, ಕೈಕಾಲು ಸ್ವಾಧೀನದಲ್ಲಿ ಇಲ್ಲದವರೂ ನುಡಿಸುವ ಹಾಗೆ ವಾದ್ಯಗಳನ್ನು ಮಾರ್ಪಡಿಸಿಕೊಡುತ್ತೇನೆ. ಆ ಕೆಲಸಕ್ಕೆ ಮೊದಲ ಸಲ ಕೈಹಾಕಿದಾಗ ಈ ಚಾಳಿಯಿಂದಲೇ ಸರಿಯಾಗಿ ಮಂಗಳಾರತಿ ಮಾಡಿಸಿಕೊಂಡೆ.

ಮಾಡಿದವರು ಬ್ಯಾಟರಾಯನಪುರದ ನಮ್ಮ ಬೀದಿಯ ಭಜನೆಯಮ್ಮ. ಪ್ರತಿ ಶನಿವಾರ ಸಂಜೆ ಮಂದಿರದಲ್ಲಿ ಬಲಗೈಯಿಂದ ಹಾರ್ಮೋನಿಯಂ ಮನೆಗಳನ್ನು ಒತ್ತುತ್ತ, ಎಡಗೈಯಿಂದ ಹಿಂದಿನ ತಿದಿಯನ್ನು ಅಮುಕಿ ಗಾಳಿ ತುಂಬುತ್ತ ಅವರು ಹಾಡು ಎತ್ತಿಕೊಟ್ಟರೆ ಹೆದ್ದಾರಿಯ ಹಾರ್ನು ಯಾರಿಗೂ ಕೇಳಿಸುತ್ತಿರಲಿಲ್ಲ. ಲಕ್ವ ಹೊಡೆದು ಎಡಗೈ ಜೋತುಬಿದ್ದ ಮೇಲೆ ಆ ಜಾಗ ಖಾಲಿಯಾಯಿತು. ಮಂಡಳಿಯವರು ಮೊಬೈಲಿನಲ್ಲಿ ಶ್ರುತಿ ಹಾಕಿಕೊಂಡು ಹಾಡತೊಡಗಿದರು. ಸುಮ್ಮನೆ ಕೂತು ಕೇಳಲಾದರೂ ಬನ್ನಿ ಎಂದು ಎಷ್ಟು ಕರೆದರೂ ಅವರು ಮನೆಯ ಹೊಸಿಲು ದಾಟಲಿಲ್ಲ.

"ಆರ್ಮೋನಿ ಮುಂದೆ ಕೂತ್ಕಂಡ್ರೆ ಓಗ್ತೀನಿ. ಇಲ್ದಿದ್ರೆ ಆ ಕಡೆ ತಲೆ ಹಾಕಲ್ಲ ಕಣೆ," ಎಂದರು ನನ್ನ ಹತ್ತಿರ. ಅಷ್ಟು ಸಾಕಾಯಿತು. ನಾನು ಆಗಲೇ ಟೇಪು ತೆಗೆದಿದ್ದೆ.

ಎರಡು ವಾರ ಕೂತು ಕಾಲಿನಲ್ಲಿ ಒತ್ತುವ ಪೆಡಲು ಮಾಡಿದೆ. ಹೊಲಿಗೆ ಯಂತ್ರದ್ದಕ್ಕಿಂತ ನಯವಾಗಿ ಓಡುತ್ತಿತ್ತು. ಹಾರ್ಮೋನಿಯಂಗೆ ಜೋಡಿಸಿ, ಅವರ ಬಲಗಾಲಿನ ಮುಂದಿಟ್ಟು, ಹೊಗಳಿಕೆಗೆ ಕಾದು ನಿಂತೆ.

ಭಜನೆಯಮ್ಮ ಕಾಲನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡರು.

"ಸರಸ್ವತಿನ ಕಾಲಲ್ಲಿ ತುಳೀಲಾ? ಬುದ್ಧಿ ನೆಟ್ಟಗೈತಾ ನಿಂಗೆ?"

ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಎರಡು ವಾರದಲ್ಲಿ ಒಮ್ಮೆಯೂ ನನಗದು ಹೊಳೆಯಲಿಲ್ಲ. ಕಾರಣವೂ ಇದೆ. ವರ್ಕ್‌ಶಾಪಿನಲ್ಲಿ ದಿನವಿಡೀ ಕಾಲಿನಲ್ಲಿ ಒತ್ತುವ ಪ್ರೆಸ್ಸಿನ ಪೆಡಲಿಗೇ ಆಯುಧಪೂಜೆಯ ದಿನ ಕುಂಕುಮವಿಟ್ಟು ಕೈಮುಗಿದು, ಮಾರನೆಯ ದಿನ ಮತ್ತೆ ಅದನ್ನೇ ತುಳಿಯುವವಳು ನಾನು. ಅದನ್ನೇ ಹೇಳಿ ವಾದಿಸಿದೆ. ನಾಟಕದ ಕಂಪನಿಗಳಲ್ಲಿ ಕಾಲಿನಿಂದಲೇ ಹಾರ್ಮೋನಿಯಂ ನುಡಿಸುತ್ತಿದ್ದರಲ್ಲ ಎಂದೂ ಸೇರಿಸಿದೆ.

"ನಾಟಕದೋರ್ದು ನಾಟಕದೋರ್ಗೆ. ನಾನು ದೇವ್ರ ಮುಂದೆ ಕೂತ್ಕಳೋಳು."

ಸಿಟ್ಟು ನೆತ್ತಿಗೇರಿತು. ಹಾಗಿದ್ದರೆ ಮೋಟಾರು ಫ್ಯಾನು ಕೂರಿಸುತ್ತೇನೆ, ಗಾಳಿ ಅದೇ ಊದುತ್ತದೆ ಎಂದೆ. "ಆಮೇಕೆ ನಾನ್ಯಾಕೆ ಬೇಕು? ಫ್ಯಾನ್ ಕೈಲೇ ಭಜನೆ ಮಾಡ್ಸು," ಎಂದರು. ಪೆಡಲನ್ನು ಚೀಲಕ್ಕೆ ತುರುಕಿಕೊಂಡು ಮನೆಗೆ ಬಂದೆ. ಈ ಹೆಂಗಸಿಗೆ ನುಡಿಸುವ ಮನಸ್ಸೇ ಇಲ್ಲ ಎಂದು ಅಡುಗೆಮನೆಯ ಪಾತ್ರೆಗಳಿಗೆಲ್ಲ ಸಾರಿ ಹೇಳಿದೆ.

ನಾಲ್ಕು ದಿನ ಮುನಿಸಿಕೊಂಡಿದ್ದು, ಐದನೆಯ ದಿನ ನಾಚಿಕೆ ಬಿಟ್ಟು ಹೋದೆ. ಅವರು ಜಗಲಿಯ ಮೇಲೆ ಕೂತು ಅವರೆಕಾಯಿ ಬುಟ್ಟಿಯನ್ನು ತೊಡೆಯ ನಡುವೆ ಅವುಚಿಕೊಂಡು, ಒಂದೇ ಕೈಯಲ್ಲಿ ಸುಲಿಯುತ್ತ ಹಾಡು ಗುನುಗುತ್ತಿದ್ದರು. ಈ ಸಲ ಟೇಪು ಚೀಲದಲ್ಲೇ ಇತ್ತು. ಸುಮ್ಮನೆ ಕೂತು ನೋಡಿದೆ. ಹಾಡಿನ ಜೊತೆ ಅವರ ಮೈ ಹಿಂದಕ್ಕೆ, ಮುಂದಕ್ಕೆ ತೂಗುತ್ತಿತ್ತು. ಪಲ್ಲವಿಗೆ ದೊಡ್ಡದಾಗಿ, ಸಾಲಿನ ಕೊನೆಗೆ ಚಿಕ್ಕದಾಗಿ. ಚಿಕ್ಕಂದಿನಿಂದ ಕಂಡಿದ್ದ ತೂಗಾಟವೇ. ಗಾಳಿ ತುಂಬಲು ಅಷ್ಟು ಬಲ ಧಾರಾಳ.

ತಿದಿಯಿಂದ ಒಂದು ಹಗ್ಗ, ಹಗ್ಗದ ತುದಿಗೆ ಹೆಗಲಿಗೆ ತೊಡುವ ಮೆತ್ತನೆಯ ಪಟ್ಟಿ. ಹಿಂದಕ್ಕೆ ವಾಲಿದರೆ ತಿದಿ ಮುಚ್ಚಿ ಗಾಳಿ ಒಳಗೆ ಹೋಗುತ್ತದೆ. ಮುಂದಕ್ಕೆ ಬಂದರೆ ಸ್ಪ್ರಿಂಗು ಅದನ್ನು ಮತ್ತೆ ಬಿಚ್ಚುತ್ತದೆ. ಮೊದಲ ಪ್ರಯೋಗದಲ್ಲಿ ಅವರು ವಾಲಿದ ರಭಸಕ್ಕೆ ಹಾರ್ಮೋನಿಯಂ ಜಾರಿ ಅವರ ಮಡಿಲಿಗೇ ಬಂತು. ಆಮೇಲೆ ಉದ್ದನೆಯ ಮಣೆ ಮಾಡಿಸಿ, ಒಂದು ತುದಿಗೆ ವಾದ್ಯವನ್ನು ಬಿಗಿದು, ಇನ್ನೊಂದು ತುದಿಯಲ್ಲಿ ಅವರನ್ನೇ ಕೂರಿಸಿದೆ.

ಶನಿವಾರ ಮಂದಿರಕ್ಕೆ ಬಂದರು. ಮಂಡಳಿಯವರು ಸರಿದು ಜಾಗ ಬಿಟ್ಟರು. ಪಟ್ಟಿ ತೊಟ್ಟು, ಹಾರ್ಮೋನಿಯಂ ಮುಟ್ಟಿ ಕಣ್ಣಿಗೊತ್ತಿಕೊಂಡು, ಮೊದಲ ಹಾಡನ್ನು ನಿರಾಯಾಸವಾಗಿ ದಾಟಿಸಿದರು. ಎರಡನೆಯದಕ್ಕೆ ಸ್ವರ ಹಿಡಿದು ಬಾಯಿ ತೆರೆದರೆ ಹಾಡೇ ಬರಲಿಲ್ಲ. ಬೆರಳು ಒತ್ತಿದ ಮನೆಯ ಮೇಲೇ ಇತ್ತು. ಸ್ವರ ಮಾತ್ರ ತಡೆತಡೆದು ನಡುಗತೊಡಗಿತು.

ಹಗ್ಗ ಸಿಕ್ಕಿಕೊಂಡಿತೆಂದು ನಾನು ಎದ್ದೆ. ಹಗ್ಗ ಸರಿಯಾಗಿಯೇ ಇತ್ತು. ಅಲುಗುತ್ತಿದ್ದದ್ದು ಹೆಗಲು. ಲಕ್ವ ಹೊಡೆದಾಗಿನಿಂದ ಅವರು ಒಂದು ಹನಿ ಕಣ್ಣೀರು ಹಾಕಿದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಆಗಲೂ ತಲೆ ತಗ್ಗಿಸಿದ್ದರಿಂದ ಹೊದ್ದ ಸೆರಗು ಮುಖದ ಮೇಲೆ ಜಾರಿತ್ತು, ಕಾಣುವಂತಿರಲಿಲ್ಲ. ಆದರೆ ಒಂದೊಂದು ಬಿಕ್ಕೂ ತಿದಿಗಿಳಿದು ಇಡೀ ಮಂದಿರಕ್ಕೆ ಕೇಳಿಸುತ್ತಿತ್ತು. ತಾಳ ಹಿಡಿದವರು ಕೈ ತಡೆದು ಕೂತರು. ಎದ್ದವಳು ನಾನೂ ನಿಂತಲ್ಲೇ ಅತ್ತುಬಿಟ್ಟೆ.

ಅವರು ಸೆರಗು ಸರಿಸಿ ನನ್ನ ಕಡೆ ತಿರುಗಿದರು.

"ಮರೇಲಿ ಅಳಂಗೂ ಇಲ್ದಂಗೆ ಮಾಡ್ಬುಟ್ಟಲ್ಲೇ!"

ಮೂಗೊರೆಸಿಕೊಂಡು, "ತಾಳ ಯಾಕ್ ನಿಲ್ಸಿದ್ರಿ?" ಎಂದು ಮಂಡಳಿಯವರನ್ನು ಗದರಿ, ಹಿಂದಕ್ಕೆ ವಾಲಿ ಹಾಡು ಎತ್ತಿಕೊಟ್ಟರು.