ಮರಳುದಿಬ್ಬದ ಚಪ್ಪಾಳೆ

ಕಡಲತೀರದ ಪ್ರವಾಸಿ ಊರು ಜೆರಿಕ್ವಾಕ್ವಾರಾದ ಬೆಸ್ತ ಜೆನಿವಾಲ್ದು ಸಂಜೆ ಹಾಯಿದೋಣಿಯನ್ನು ದಡಕ್ಕೆ ತರುವ ಹೊತ್ತಿಗೆ, ಮರಳುದಿಬ್ಬದ ಮೇಲೆ ಕೂತ ಪ್ರವಾಸಿಗರು ಚಪ್ಪಾಳೆ ತಟ್ಟುತ್ತಿದ್ದರು. ತನ್ನ ಕೈಚಳಕಕ್ಕೇ ಈ ಮೆಚ್ಚುಗೆ ಎಂದುಕೊಂಡು, ಆರು ವರ್ಷದಿಂದ ಅವನು ದಿನವೂ ಟೋಪಿ ತೆಗೆದು ತಲೆಬಾಗುತ್ತಿದ್ದ.

ದೋಣಿ ರಿಪೇರಿಗೆ ನಿಂತ ದಿನ ಅವನೂ ದಿಬ್ಬ ಹತ್ತಿದ. ಕೆಳಗೆ ಬೇರೆ ದೋಣಿಗಳು ಬಂದವು. ಯಾರೂ ಅತ್ತ ತಿರುಗಿಯೂ ನೋಡಲಿಲ್ಲ. ಸೂರ್ಯ ನೀರಿಗಿಳಿದದ್ದೇ ತಡ, ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು.

ಅವನು ನೇರ ಹೆಂಡತಿ ಲಿಂದಾಲ್ವಾಳ ಗಾಡಿಯ ಬಳಿ ಬಂದ. ಕಡಲತೀರದ ಕುಣಿತಕ್ಕೆ ಸೇರುತ್ತಿದ್ದವರಿಗಾಗಿ ಅವಳು ಸಾರಾಯಿಗೆ ನಿಂಬೆ ಹಿಂಡುತ್ತಿದ್ದಳು.

"ಅದು ಸೂರ್ಯನಿಗಂತೆ ಕಣೇ! ನಿಂಗೆ ಗೊತ್ತಿತ್ತಾ?"

"ಇಡೀ ಊರಿಗೇ ಗೊತ್ತಿತ್ತು ಮಾರಾಯ. ನೀನು ಟೋಪಿ ತೆಗೆಯೋವಾಗ ಯಾರೂ ನಗ್ಬೇಡ್ರಪ್ಪ ಅಂತ ನಾನೇ ಎಲ್ರ ಕೈಕಾಲು ಹಿಡ್ದಿದ್ದೆ."